ಫುಟ್‌ಬಾಲ್ ಆಟಗಾರರ ವೇತನ: ಮೇಲ್ಮಿತಿಯ ಅರವತ್ತು ವರ್ಷಗಳು

ಒಂದೇ ತಂಡದ ಇಬ್ಬರು ಫುಟ್‌ಬಾಲ್ ಆಟಗಾರರ ವೇತನದಲ್ಲಿ ಹಲವು ಪಟ್ಟು ಅಂತರವಿರುವುದನ್ನು ಕಂಡಾಗ, ಎಲ್ಲರಿಗೂ ಒಂದು ಮಿತಿಯನ್ನು ವಿಧಿಸಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಇಂಗ್ಲೆಂಡಿನಲ್ಲಿ ಅಂಥ ಮಿತಿ ಅರವತ್ತು ವರ್ಷ ಜಾರಿಯಲ್ಲಿತ್ತು. ಅದರ ಚರಿತ್ರೆಯನ್ನು ನೋಡಿದರೆ, ಆ ಮಿತಿಯಿಂದ ಆಟಗಾರರಿಗೆ ನ್ಯಾಯ ದೊರೆಯಲಿಲ್ಲವೆಂದೇ ನನಗೆ ತೋರುತ್ತದೆ.

ಹಣ ಪಡೆದು ಆಡುವುದಕ್ಕೆ ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ 1885ರಲ್ಲಿ ಒಪ್ಪಿಗೆ ನೀಡಿತು. 1901ರಲ್ಲಿ ವಾರದ ವೇತನ 4 ಪೌಂಡ್ ಮೀರಕೂಡದೆಂಬ ಕಟ್ಟಳೆ ಬಂತು. ಸಿರಿವಂತ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಳ್ಳದಿರಲಿ ಎಂಬುದು ಅದರ ಆಶಯ. 1958ರ ಹೊತ್ತಿಗೆ ಮಿತಿಯು ಆಟದ ಋತುವಿನಲ್ಲಿ 20 ಪೌಂಡಿಗೆ, ಬೇಸಿಗೆಯ ಬಿಡುವಿನಲ್ಲಿ 17 ಪೌಂಡಿಗೆ ಏರಿತ್ತು. ಅದಕ್ಕಿಂತ ಕಡಿಮೆ ಪಡೆಯುವವರೂ ಅನೇಕರಿದ್ದರು.

ಇದರೊಂದಿಗೆ ಮತ್ತೊಂದು ಕಟ್ಟುಪಾಡಿತ್ತು. ಒಪ್ಪಂದ ಮುಗಿದ ಮೇಲೂ ಕ್ಲಬ್ಬು ಆಟಗಾರನ ನೋಂದಣಿಯನ್ನು ತನ್ನಲ್ಲೇ ಉಳಿಸಿಕೊಳ್ಳಬಹುದಿತ್ತು. ಆಗ ಆತ ಬೇರೆಡೆ ಆಡುವಂತಿರಲಿಲ್ಲ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ಬು ಟಾಮ್ ಫಿನ್ನಿಯವರಿಗೆ 10,000 ಪೌಂಡ್ ಕೊಡಲು ಮುಂದಾದರೂ ಪ್ರೆಸ್ಟನ್ ಅವರನ್ನು ಬಿಟ್ಟುಕೊಡಲಿಲ್ಲ. ಇಂಗ್ಲೆಂಡ್ ತಂಡದ ಈ ಶ್ರೇಷ್ಠ ಆಟಗಾರ ಕೊಳಾಯಿ ಜೋಡಿಸುವ ವೃತ್ತಿಯನ್ನೂ ನಡೆಸುತ್ತಿದ್ದರು.

ಆಟಗಾರರ ಸಂಘವು ಜಿಮ್ಮಿ ಹಿಲ್ ಅವರ ನೇತೃತ್ವದಲ್ಲಿ ಮುಷ್ಕರಕ್ಕೆ ಸಿದ್ಧವಾದಾಗ, 1961ರ ಜನವರಿಯಲ್ಲಿ ಮಿತಿ ರದ್ದಾಯಿತು. ಹಿಲ್ ಆಡುತ್ತಿದ್ದ ಫುಲಮ್ ತಂಡದಲ್ಲೇ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆದ ಮೊದಲ ಆಟಗಾರರಾದರು. ಎಲ್ಲರೂ ಕೂಡಿ ಗೆದ್ದ ಹಕ್ಕಿನ ಫಲ ಎಲ್ಲರಿಗೂ ಸಮನಾಗಿ ದೊರೆಯಲಿಲ್ಲ.

ನೋಂದಣಿಯ ಕಟ್ಟು ಸಡಿಲಗೊಂಡದ್ದು ನ್ಯಾಯಾಲಯಗಳಿಂದ. ನ್ಯೂಕಾಸಲ್ ಕ್ಲಬ್ಬಿನ ವಿರುದ್ಧ ಜಾರ್ಜ್ ಈಸ್ಟ್‌ಹ್ಯಾಮ್ ಹೂಡಿದ ದಾವೆಯಲ್ಲಿ, ಆಟಗಾರನನ್ನು ಹೀಗೆ ಹಿಡಿದಿಡುವುದು ಅಸಮಂಜಸವೆಂದು ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ 1963ರಲ್ಲಿ ತೀರ್ಪಿತ್ತರು. ಒಪ್ಪಂದ ಮುಗಿದ ಆಟಗಾರನು ವರ್ಗಾವಣೆ ಶುಲ್ಕವಿಲ್ಲದೆಯೇ ಐರೋಪ್ಯ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬನ್ನು ಸೇರಬಹುದೆಂದು 1995ರ ಬೋಸ್ಮನ್ ತೀರ್ಪು ಸಾರಿತು. ಹೀಗೆ ಉಳಿದ ಶುಲ್ಕದಲ್ಲಿ ತಮಗೂ ಪಾಲು ಬೇಕೆಂದು ಬೇಡಿಕೆಯುಳ್ಳ ಆಟಗಾರರು ಕೇಳಬಹುದಾಯಿತು. ಉಳಿದವರಿಗೆ ಆ ಬಲವಿರಲಿಲ್ಲ. ಸಹ ಆಟಗಾರರ ನಡುವಣ ಅಂತರ ಹಿಗ್ಗಲು ಇದೂ ಒಂದು ಕಾರಣ.

ಈ ಅಂತರ ನನಗೂ ಹಿತವೆನಿಸುವುದಿಲ್ಲ. ಆದರೆ ಹಳೆಯ ಮಿತಿಯು ಹೇನ್ಸ್ ಅವರಿಗೆ ಸಲ್ಲದಂತೆ ತಡೆದ ಹಣವನ್ನು ಅವರ ಬಡ ಸಂಗಾತಿಗೆ ಕೊಡಿಸಲಿಲ್ಲ. ಅದು ಕ್ಲಬ್ಬಿನಲ್ಲೇ ಉಳಿಯಿತು. ಕಡಿಮೆ ಗಳಿಸುವ ಆಟಗಾರನ ಹಿತವನ್ನು ಬಯಸುವವರು ಕೇಳಬೇಕಾದುದು ಕನಿಷ್ಠ ವೇತನವನ್ನು ಮತ್ತು ಕ್ಲಬ್ಬನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವನ್ನು.