ವಾರಿಗೆ ಹೊರಡುವ ಮುನ್ನ ಕಾಲು ಸಿದ್ಧವಾಗಲಿ

ಆಳಂದಿಯಿಂದ ಪಂಢರಪುರಕ್ಕೆ 250 ಕಿ.ಮೀ.: ವಾಕಡ ಪರಿಸರದ ಕನ್ನಡಿಗರಿಗೆ ಪೂರ್ವಸಿದ್ಧತೆಯ ಕೈಪಿಡಿ

ವಾಕಡ (ಪುಣೆ): ಜ್ಯೇಷ್ಠ ಮಾಸ ಬಂತೆಂದರೆ ಪುಣೆಯ ಸುತ್ತಮುತ್ತ ಎಲ್ಲರ ಬಾಯಲ್ಲೂ ಒಂದೇ ಮಾತು, ಆಷಾಢದ ವಾರಿ. ದೇಹುವಿನಿಂದ ಸಂತ ತುಕಾರಾಮ ಮಹಾರಾಜರ, ಆಳಂದಿಯಿಂದ ಸಂತ ಜ್ಞಾನೇಶ್ವರ ಮಹಾರಾಜರ ಪಾದುಕೆಗಳನ್ನು ಹೊತ್ತ ಪಲ್ಲಕ್ಕಿಗಳು ಹೊರಟು ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ ಸೇರುತ್ತವೆ. ವಾಕಡದಲ್ಲಿ ನೆಲೆಸಿರುವ ನಮ್ಮವರಿಗೆ ದೇಹು, ಆಳಂದಿ ಎರಡೂ ಕೂಗಳತೆಯ ಊರುಗಳಿದ್ದಂತೆ. ಹಿಂಜವಡಿಯ ಐಟಿ ಕಂಪೆನಿಗಳ ಯುವಕ ಯುವತಿಯರೂ ರಜೆ ಹಾಕಿ ವಾರಕರಿಗಳೊಡನೆ ಹೆಜ್ಜೆ ಹಾಕುತ್ತಿರುವುದು ಸಂತಸದ ವಿಷಯ.

ಕನ್ನಡಿಗರಿಗೆ ಈ ದಾರಿ ಪರಕೀಯವಲ್ಲ. ಪುರಂದರದಾಸರಿಂದ ಜಗನ್ನಾಥದಾಸರವರೆಗೆ ಎಷ್ಟೋ ಹರಿದಾಸರ ಅಂಕಿತದಲ್ಲಿ ವಿಠಲನ ಹೆಸರಿದೆ. ಮಾವುಲಿಯ ಪಲ್ಲಕ್ಕಿಯ ಜೊತೆ ಸಾಗುವ ಮಾನದ ಕುದುರೆಗಳು ಬರುವುದು ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದಿಂದ. ಹೈಬತ್‌ಬಾಬಾ ಅರ್ಫಳಕರರು 19ನೇ ಶತಮಾನದಲ್ಲಿ ಈ ಸಮಾರಂಭಕ್ಕೆ ಇಂದಿನ ರೂಪ ಕೊಟ್ಟಾಗಿನಿಂದ ನಡೆದುಬಂದ ಪರಂಪರೆ ಇದು. ಪಲ್ಲಕ್ಕಿ ಹೊರಡುವ ಮೊದಲೇ ಆ ಕುದುರೆಗಳು ಅಂಕಲಿಯಿಂದ ಆಳಂದಿಗೆ ಸುಮಾರು 300 ಕಿ.ಮೀ. ನಡೆದಿರುತ್ತವೆ!

ಕುದುರೆಗೆ ಆ ಅಭ್ಯಾಸವಿದೆ. ವರ್ಷವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ನಮಗೆ? ಮೊದಲ ದಿನವನ್ನು ಉತ್ಸಾಹವೇ ನಡೆಸುತ್ತದೆ. ಎರಡನೇ ದಿನದ ಬೆಳಗ್ಗೆ ಎದ್ದು ನಿಲ್ಲಬೇಕಾದರೆ ಅಭ್ಯಾಸವೇ ಬೇಕು.

ಎರಡು ತಿಂಗಳ ಅಭ್ಯಾಸ

ಕನಿಷ್ಠ ಎಂಟು ವಾರ ಮೊದಲು ನಡಿಗೆ ಆರಂಭಿಸುವುದು ಒಳಿತು. ಮೊದಲ ವಾರ ದಿನಕ್ಕೆ 4-5 ಕಿ.ಮೀ. ಸಾಕು. ಬೆಳಗ್ಗೆ ವಾಕಡದ ಮ್ಹಾತೋಬಾ ದೇವಸ್ಥಾನಕ್ಕೆ ಕೈಮುಗಿದು ಹೊರಟರೆ ದಿನವೂ ತಪ್ಪುವುದಿಲ್ಲ. ಭಾನುವಾರದ ನಡಿಗೆಯನ್ನು ವಾರವಾರವೂ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಏರು ಹತ್ತುವ ರೂಢಿಗೆ ಬಾಣೇರ್ ಗುಡ್ಡ ಅಥವಾ ಘೋರಾಡೇಶ್ವರದ ಮೆಟ್ಟಿಲುಗಳಿವೆ. ಕೊನೆಯ ವಾರಗಳಲ್ಲಿ ಒಮ್ಮೆಯಾದರೂ ಶನಿವಾರ ಮತ್ತು ಭಾನುವಾರ ಬೆನ್ನುಬೆನ್ನಿಗೆ 15 ಕಿ.ಮೀ. ನಡೆದು ನೋಡಬೇಕು. ಚೀಲ, ಬೂಟು, ಮಂಡಿ ಮೂರರ ಪರೀಕ್ಷೆಯೂ ಆಗಲೇ ಆಗಿಬಿಡುತ್ತದೆ.

ಬೂಟು ಮತ್ತು ಪಾದ

ಹೊಸ ಬೂಟು ಹಾಕಿಕೊಂಡು ವಾರಿಗೆ ಹೊರಡಲೇಬಾರದು. ನಡೆಯುತ್ತ ಪಾದ ಊದುವುದರಿಂದ ಬೆರಳ ಮುಂದೆ ಸ್ವಲ್ಪ ಜಾಗವಿರುವ ಬೂಟನ್ನು ಕೊಂಡು, ಅಭ್ಯಾಸದಲ್ಲೇ ಅದನ್ನು ಹದಮಾಡಿಕೊಳ್ಳಬೇಕು. ಮಳೆಯಲ್ಲಿ ಕಾಲುಚೀಲ ಒದ್ದೆಯಾದರೆ ಬೊಬ್ಬೆ ಖಚಿತ. ಮೂರು ಜೊತೆ ಕಾಲುಚೀಲ, ಬೆರಳ ಸಂದಿಗೆ ವ್ಯಾಸಲೀನ್, ಉಜ್ಜಿದ ಜಾಗಕ್ಕೆ ಕೂಡಲೇ ಅಂಟಿಸಲು ಪಟ್ಟಿ ಕೈಗೆ ಸಿಗುವಂತಿರಲಿ.

ಮಧುಮೇಹಿಗಳು ಈ ವಿಷಯದಲ್ಲಿ ಬಹಳ ಎಚ್ಚರದಿಂದಿರಬೇಕು. ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಗಾಯವಾದದ್ದೇ ತಿಳಿಯುವುದಿಲ್ಲ. ಹರಕೆಯೆಂದು ಬರಿಗಾಲಲ್ಲಿ ನಡೆಯದೆ, ಪ್ರತಿ ರಾತ್ರಿ ಅಂಗಾಲು ಪರೀಕ್ಷಿಸಿಕೊಳ್ಳಬೇಕು. ದಿನವಿಡೀ ನಡೆದಾಗ ಸಕ್ಕರೆ ಅಂಶ ಇಳಿಯಬಹುದು. ಆದ್ದರಿಂದ ಔಷಧದ ಪ್ರಮಾಣದ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಂಡು, ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡಿರುವುದು ಕ್ಷೇಮ.

ಚೀಲದಲ್ಲಿ ಏನಿರಲಿ?

ದಿಂಡಿಯೊಂದರಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಿದರೆ ಹಾಸಿಗೆ, ಬಟ್ಟೆಗಳ ಗಂಟು ಟ್ರಕ್ಕಿನಲ್ಲಿ ಬರುತ್ತದೆ. ಊಟ, ಡೇರೆಯ ವ್ಯವಸ್ಥೆಯನ್ನೂ ದಿಂಡಿಯವರೇ ನೋಡಿಕೊಳ್ಳುತ್ತಾರೆ. ಆದರೆ ಟ್ರಕ್ಕು ಸಿಗುವುದು ಸಂಜೆಗೆ. ಹೀಗಾಗಿ ಒಂದು ಲೀಟರ್ ನೀರು, ರೈನ್‌ಕೋಟು, ಟವೆಲ್, ಔಷಧ, ಟಾರ್ಚು, ಗುರುತಿನ ಚೀಟಿ, ಮನೆಯವರ ಫೋನ್ ನಂಬರು ಬರೆದ ಕಾಗದ, ಕಡಲೆ-ಬೆಲ್ಲ ಹೆಗಲ ಚೀಲದಲ್ಲೇ ಇರಬೇಕು. ಎಲ್ಲ ಸೇರಿ ನಾಲ್ಕು ಕಿಲೋ ಮೀರದಿರಲಿ.

ನೀರು ಬದಲಾಗಿ ಹೊಟ್ಟೆ ಕೆಡುವುದುಂಟು. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಯಬಹುದು.

ಹೊಸಬರು ಎಲ್ಲಿಯವರೆಗೆ?

ಹದಿನೈದು ದಿನಕ್ಕೂ ಮೀರಿದ ಪೂರ್ತಿ ವಾರಿ ಮೊದಲ ವರ್ಷವೇ ಆಗಬೇಕೆಂದಿಲ್ಲ. ಜ್ಞಾನೇಶ್ವರರ ಪಲ್ಲಕ್ಕಿ ಆಳಂದಿಯಿಂದ ಪುಣೆಗೆ ಬಂದು ಎರಡು ರಾತ್ರಿ ತಂಗುವುದರಿಂದ ಮನೆಗೆ ಬಂದು ಕಾಲಿಗೆ ವಿಶ್ರಾಂತಿ ಕೊಡಬಹುದು. ಮುಂದಿನ ಪುಣೆ-ಸಾಸವಡ ಹಂತವೇ ನಿಜವಾದ ಪರೀಕ್ಷೆ. ಸುಮಾರು 30 ಕಿ.ಮೀ. ದಾರಿ, ಅದರಲ್ಲೂ ಹಡಪಸರ ದಾಟಿ ಬಹಳ ಹೊತ್ತು ನಡೆದ ಮೇಲೆ ದಿವೇಘಾಟದ ಏರು. ಸಾಸವಡದಲ್ಲಿ ಮತ್ತೆ ಎರಡು ರಾತ್ರಿ. ಅನಂತರ ನಮ್ಮ ಮೈಲಾರಲಿಂಗನೇ ಆದ ಖಂಡೋಬನ ಜೇಜುರಿ. ಅಲ್ಲಿಯವರೆಗೆ ಸುಖವಾಗಿ ತಲುಪಿದವರು ಮುಂದಿನ ವರ್ಷ ಪಂಢರಪುರದ ಸಂಕಲ್ಪ ಮಾಡಬಹುದು.

ಪಲ್ಲಕ್ಕಿ ಯಾರಿಗಾಗಿಯೂ ಕಾಯುವುದಿಲ್ಲ. ಹೀಗಾಗಿ ಸುಸ್ತಾದ ಹಿರಿಯರು ಸಂಕೋಚದಿಂದ ನೋವು ಮುಚ್ಚಿಟ್ಟುಕೊಂಡು ನಡೆಯುತ್ತಲೇ ಇರುವುದುಂಟು. ಅಪಾಯ ಇರುವುದು ಅಲ್ಲಿಯೇ. ಎದೆ ನೋವು, ತಲೆ ಸುತ್ತು, ಉಸಿರು ಕಟ್ಟುವುದು ಕಂಡರೆ ಕೂಡಲೇ ನಿಂತು, ದಾರಿಯ ವೈದ್ಯಕೀಯ ಕೇಂದ್ರಕ್ಕೆ ಹೋಗಬೇಕು. ಬಂಧುಗಳು ಒಬ್ಬೊಬ್ಬರೇ ಹೊರಡದೆ ಇಬ್ಬರು ಮೂವರ ಜೊತೆ ಮಾಡಿಕೊಂಡು, ಹಿರಿಯರ ಹೆಜ್ಜೆಗೆ ಕಿರಿಯರು ಹೆಜ್ಜೆ ಕೂಡಿಸುವುದು ಉಚಿತ.

ಅರ್ಧದಲ್ಲಿ ಹಿಂದಿರುಗುವುದು ಅವಮಾನವಲ್ಲ. ಸಾಸವಡದಿಂದ ಬಸ್ಸುಗಳಿವೆ. ಬೆಳಗಾವಿಗೆ ಹೋಗಿಬರುವಾಗ ರೈಲಿನ ಕಿಟಕಿಯಿಂದ ನಾವು ನೋಡುವ ಜೇಜುರಿ, ನೀರಾ, ಲೋಣಂದ ನಿಲ್ದಾಣಗಳೂ ಈ ದಾರಿಯಲ್ಲೇ ಇವೆ. ವಿಠಲ ಇಟ್ಟಿಗೆಯ ಮೇಲೆ ನಿಂತೇ ಇರುತ್ತಾನೆ. ಈ ವರ್ಷ ಜೇಜುರಿಯವರೆಗೆ ನಡೆದವರಿಗೆ ಮುಂದಿನ ಆಷಾಢ ಇದ್ದೇ ಇದೆ.