ವಿದ್ಯಾರ್ಥಿಯ ಸ್ವಭಾವವೂ ವಿಶ್ವವಿದ್ಯಾನಿಲಯದ ಬಾಳ್ವೆಯೂ

ಅರಸೀಕೆರೆಯಿಂದ ರೈಲಿನಲ್ಲಿಯೋ ಬೇಲೂರು, ಹಳೇಬೀಡುಗಳಿಂದ ಬಸ್ಸಿನಲ್ಲಿಯೋ ಹೊರಟು, 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವನ್ನು ಸೇರುವ ವಿದ್ಯಾರ್ಥಿಯು ಪೆಟ್ಟಿಗೆಯೊಡನೆ ತನ್ನ ಸ್ವಭಾವವನ್ನೂ ಒಯ್ಯುತ್ತಾನೆ. ಅಲ್ಲಿ ಅವನು ಹೊಂದಿಕೊಳ್ಳುವ ಬಗೆಯನ್ನು ಬೇಕರ್ ಮತ್ತು ಸಿರಿಕ್ ಎಂಬ ಮನೋವಿಜ್ಞಾನಿಗಳು 1984ರಲ್ಲಿ ನಾಲ್ಕು ಮುಖಗಳಾಗಿ ವಿಂಗಡಿಸಿದರು: ವ್ಯಾಸಂಗ, ಸಹವಾಸ, ಮನಃಸ್ವಾಸ್ಥ್ಯ ಹಾಗೂ ಸಂಸ್ಥೆಯ ಮೇಲಣ ಮಮತೆ.

ಕರ್ತವ್ಯನಿಷ್ಠೆಯು ಸಾಮಾನ್ಯವಾಗಿ ವ್ಯಾಸಂಗಕ್ಕೆ ಆಸರೆ. ಬಹಿರ್ಮುಖತೆಯು ಗೆಳೆತನಕ್ಕೆ ಅನುಕೂಲ. ಚಿತ್ತಸ್ಥೈರ್ಯವಿದ್ದವನಿಗೆ ಮನೆಯ ನೆನಪಿನ ಬೇಗುದಿ ಕಡಿಮೆ. ಆದುದರಿಂದ ಒಳ್ಳೆಯ ಅಂಕ ಗಳಿಸುವ ಮಿತಭಾಷಿಯೂ ಒಳಗೊಳಗೇ ಒಂಟಿತನದಿಂದ ಬಳಲುತ್ತಿರಬಹುದು. ಅಂಕಪಟ್ಟಿ ಅದನ್ನು ಹೇಳದು. ಇಂಗ್ಲಿಷ್ ಉಪನ್ಯಾಸದ ಮುಂದೆ ಕನ್ನಡ ಮಾಧ್ಯಮದಲ್ಲಿ ಕಲಿತವನ ಸಂಕೋಚ ಇಮ್ಮಡಿಯಾದೀತು. ಆ ಮೌನವನ್ನು ದಡ್ಡತನವೆಂದೋ ಗರ್ವವೆಂದೋ ಬಗೆಯುವುದು ಅನ್ಯಾಯ.

ಹಳೇಬೀಡಿನ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು; ಗಾಳಿ ಸೋಂಕಿದಂತೆ ಗಟ್ಟಿಯಾಗುತ್ತದೆ. ಮನೆ ಬಿಟ್ಟ ಮೊದಲ ತಿಂಗಳುಗಳಲ್ಲಿ ತರುಣನ ಮನಸ್ಸೂ ಅಂತೆಯೇ. ಆಗ ಅಧ್ಯಾಪಕರು ಹೆಸರು ಹಿಡಿದು ವಿಚಾರಿಸಿದರೆ, ಹಿರಿಯ ವಿದ್ಯಾರ್ಥಿಗಳು ನಮ್ಮೂರಿನವನೆಂದು ಜೊತೆಗೆ ಕರೆದೊಯ್ದರೆ, ದಾನಿಗಳು ಪ್ರಸಾದನಿಲಯದಲ್ಲಿ ಅನ್ನ-ಆಶ್ರಯಗಳನ್ನು ಕಲ್ಪಿಸಿದರೆ, ಸಂಕೋಚಶೀಲನೂ ಅಲ್ಲಿ ಬೇರೂರಬಲ್ಲನು.