ಹಳೆಯ ಸಾಮಾನು ಮಾರುವ ಮುನ್ನ

ಮನೆ ಎಂದ ಮೇಲೆ ಹಳೆಯ ಸಾಮಾನು ಸೇರುವುದು ಸಹಜ. ಹಿಂದೆಲ್ಲ ಹಳೇ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆಯವಳು ಒಂದು ಡಬ್ಬಿ ಕೊಟ್ಟು ಹೋಗುತ್ತಿದ್ದಳು. ಮುರಿದ ಕಬ್ಬಿಣ ಗುಜರಿ ಸೇರುತ್ತಿತ್ತು. ಈಗ ಮಂಚ, ಫ್ರಿಜ್, ಕೂಲರ್, ಮಕ್ಕಳ ಸೈಕಲ್ಲು ಎಲ್ಲದರ ಫೋಟೋ ತೆಗೆದು ಮೊಬೈಲಿನಲ್ಲೇ ಮಾರಾಟಕ್ಕೆ ಹಾಕುವ ಕಾಲ. ನಮ್ಮ ವಡ್ಡು, ತೋರಣಗಲ್ಲು ಸುತ್ತಮುತ್ತ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಬಂದವರು ವರ್ಗವಾದರೆ ಮನೆ ಖಾಲಿ ಮಾಡಬೇಕಾಗುತ್ತದೆ. ಅಷ್ಟು ದೂರ ಹೊತ್ತೊಯ್ಯುವ ಬದಲು ಮಾರಿಬಿಡೋಣ ಅನ್ನುತ್ತಾರೆ. ಒಳ್ಳೆಯದೇ. ಆದರೆ ಮುಖ ಕಾಣದ ಈ ವ್ಯಾಪಾರದಲ್ಲಿ ನಾಲ್ಕು ಕಾಸು ಬರುವ ಬದಲು ಕೂಡಿಟ್ಟ ಗಂಟೇ ಹೋದೀತು.

ಮೋಸ ನಡೆಯುವ ಬಗೆ ಹೀಗೆ. ಜಾಹೀರಾತು ಹಾಕಿದ ಸ್ವಲ್ಪ ಹೊತ್ತಿಗೇ ಫೋನ್ ಬರುತ್ತದೆ. "ಮೇಡಂ, ನಾನು ಸೈನ್ಯದಲ್ಲಿದ್ದೇನೆ. ನೀವು ಹೇಳಿದ ಬೆಲೆಗೇ ತಗೋತೀನಿ. ನಮ್ಮ ಹುಡುಗ ಗಾಡಿ ತಂದು ಒಯ್ಯುತ್ತಾನೆ" ಅನ್ನುತ್ತಾನೆ. ನಂಬಿಕೆ ಬರಲೆಂದು ಗುರುತಿನ ಚೀಟಿಯ ಚಿತ್ರವನ್ನೂ ಕಳಿಸುತ್ತಾನೆ. ಖಾತೆ ಸರಿಯಿದೆಯೇ ನೋಡುತ್ತೇನೆಂದು ಒಂದೆರಡು ರೂಪಾಯಿ ಹಾಕುತ್ತಾನೆ. ಅದು ನಿಜವಾಗಿ ಬರುತ್ತದೆ! ಆಮೇಲೆ ಒಂದು ಕ್ಯೂ.ಆರ್. ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತೆ" ಅನ್ನುತ್ತಾನೆ. ಒತ್ತಿದರೆ ನಮ್ಮ ಹಣವೇ ಹೋಗುತ್ತದೆ. "ಅಯ್ಯೋ ತಪ್ಪಾಯ್ತು, ಇನ್ನೊಂದು ಸಲ ಮಾಡಿ, ಎರಡೂ ವಾಪಸ್ ಬರುತ್ತೆ" ಎಂದು ಮತ್ತೊಮ್ಮೆ ಬಾಚುತ್ತಾನೆ.

ಓದು ಬರಹ ಕಡಿಮೆ ಇದ್ದವರು ಮಾತ್ರ ಇದಕ್ಕೆ ಸಿಕ್ಕುತ್ತಾರೆಂದು ತಿಳಿಯಬೇಡಿ. 2021ರ ಫೆಬ್ರವರಿಯಲ್ಲಿ ದೆಹಲಿಯ ಆಗಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲರ ಮಗಳು ಹಳೆಯ ಸೋಫಾ ಮಾರಲು ಹೋಗಿ ಇದೇ ರೀತಿ 34 ಸಾವಿರ ರೂಪಾಯಿ ಕಳೆದುಕೊಂಡರು. ಮೊದಲು 20 ಸಾವಿರ, ಮರುಕ್ಷಣವೇ 14 ಸಾವಿರ.

ಗೆಳತಿಯರೇ, ಕಿರಾಣಿ ಅಂಗಡಿಯನ್ನು ನೆನೆಸಿಕೊಳ್ಳಿ. ಸ್ಕ್ಯಾನ್ ಮಾಡುವವರು ಯಾರು, ಪಿನ್ ಒತ್ತುವವರು ಯಾರು? ಹಣ ಕೊಡುವ ನಾವು. ಅಂಗಡಿಯವನು ಗಲ್ಲೆಯ ಮುಂದೆ ಸುಮ್ಮನೆ ಕೂತಿರುತ್ತಾನೆ, ಹಣ ತಾನಾಗಿ ಬಂದು ಬೀಳುತ್ತದೆ. ಸಾಮಾನು ಮಾರುವಾಗ ನಾವೂ ಅಂಗಡಿಯವನ ಹಾಗೆಯೇ. ಹಣ ಬರುವುದಕ್ಕೆ ಪಿನ್ ಬೇಕಿಲ್ಲ. ಇದೊಂದು ಮಾತು ನೆನಪಿದ್ದರೆ ಮುಕ್ಕಾಲು ಪಾಲು ಮೋಸ ಹತ್ತಿರ ಸುಳಿಯದು.

ಇನ್ನು ಕೆಲವು ಗುರುತುಗಳು:

1. ಚೌಕಾಸಿ ಮಾಡದವನು. ಕಂಪ್ಲಿಯ ಸಂತೆಯಿರಲಿ, ಹೊಸಪೇಟೆಯ ಮಾರುಕಟ್ಟೆಯಿರಲಿ, ನಾವು ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡುತ್ತೇವೆ. ಸಾವಿರಾರು ರೂಪಾಯಿಯ ಹಳೇ ಫ್ರಿಜ್ಜನ್ನು ಕಣ್ಣಿಂದ ನೋಡದೆ ಹೇಳಿದ ಬೆಲೆಗೆ ಕೊಳ್ಳುವವನನ್ನು ನಂಬಬೇಡಿ. ಅತಿ ವಿನಯಂ ಧೂರ್ತ ಲಕ್ಷಣಂ.

2. ಅವಸರ ಮಾಡುವವನು. ಫೋನ್ ಇಡಲು ಬಿಡದೆ "ಈಗಲೇ ಒತ್ತಿ" ಅಂದರೆ ಮೊದಲು ಫೋನ್ ಇಡಿ.

3. "ತಪ್ಪಿ ಹೆಚ್ಚು ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ" ಅನ್ನುವವನು. ಬ್ಯಾಂಕಿನದೆಂದು ತೋರುವ ಸುಳ್ಳು ಸಂದೇಶವನ್ನು ಯಾರು ಬೇಕಾದರೂ ಕಳಿಸಬಹುದು. ಖಾತೆಯ ಬಾಕಿ ನೀವೇ ತೆರೆದು ನೋಡಿ.

4. ಯಾವುದೋ ಆ್ಯಪ್ ಹಾಕಿಕೊಳ್ಳಿ, ಬಂದ ಓ.ಟಿ.ಪಿ. ಹೇಳಿ ಅನ್ನುವವನು. ಇವನ ಜೊತೆ ಮಾತೇ ಬೇಡ.

ಕೊಳ್ಳುವವರು ಹಗಲು ಹೊತ್ತು, ಮನೆಯಲ್ಲಿ ಇನ್ನೊಬ್ಬರು ಇದ್ದಾಗ ಬಂದು ಸಾಮಾನು ನೋಡಲಿ. ನೋಟು ಎಣಿಸಿ ಕೊಡಲಿ, ಇಲ್ಲವೆ ನಮ್ಮ ನಂಬರಿಗೆ ಅವರೇ ಹಣ ಹಾಕಲಿ. ಹಣ ಖಾತೆಗೆ ಸೇರಿದ್ದು ಕಂಡ ಮೇಲೆ ಸಾಮಾನು ಬಾಗಿಲು ದಾಟಲಿ.

ಇಷ್ಟಾಗಿಯೂ ಹಣ ಹೋಯಿತೆನ್ನಿ. "ಮನೆಯವರಿಗೆ ಗೊತ್ತಾದರೆ ಬೈತಾರೆ" ಎಂದು ಎಷ್ಟೋ ಹೆಂಗಸರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಕಳ್ಳನಿಗೆ ಬೇಕಾದದ್ದೂ ಅದೇ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಡೆಯಬೇಕು. ಅದಕ್ಕೆ ನಿಮಿಷ ನಿಮಿಷವೂ ಮುಖ್ಯ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ, ಬಂದ ಸಂದೇಶಗಳನ್ನು ಅಳಿಸದೆ ಪೊಲೀಸ್ ಠಾಣೆಗೆ ದೂರು ಕೊಡಿ. ಬೈಗುಳ ಎರಡು ದಿನ ಇದ್ದು ಹೋಗುತ್ತದೆ. ಸಾಸಿವೆ ಡಬ್ಬಿಯಲ್ಲಿ ಹತ್ತು ಇಪ್ಪತ್ತು ಎಂದು ಕೂಡಿಸಿ ಬ್ಯಾಂಕಿಗೆ ಹಾಕಿದ ಹಣ ಹಾಗೆ ಮತ್ತೆ ಬರುವುದಿಲ್ಲ.